ಆಹಾರದ ಕ್ಯಾಲರಿ ಮಾಪನ

ತಿನ್ನುವ ಪದಾರ್ಥವನ್ನು ಸುಟ್ಟು, ಆಗ ಹೊಮ್ಮುವ ಶಾಖದಿಂದ ಅದರಲ್ಲಿರುವ ಶಕ್ತಿಯನ್ನು ಕಂಡುಹಿಡಿಯುವ ವಿಧಾನ. ಶಾಖ ಅಳೆಯುವ ಉಪಕರಣಕ್ಕೆ ಕ್ಯಾಲರಿಮೀಟರ್ ಎಂದು ಹೆಸರು. ಆಹಾರದ ಮಾತು ಬಂದಾಗ ‘ಕ್ಯಾಲರಿ’ ಎಂದರೆ ಕಿಲೋಕ್ಯಾಲರಿ ಎಂದೇ ತಿಳಿಯಬೇಕು: 1 ಕಿಲೋಗ್ರಾಂ ನೀರನ್ನು 1 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿಮಾಡುವ ಶಾಖ.

ಸುಡುವ ಈ ವಿದ್ಯೆಗೆ ಮೊದಲು ನೆರವಾದದ್ದು ಮಂಜುಗಡ್ಡೆ. 1782–83ರ ಚಳಿಗಾಲದಲ್ಲಿ ಪ್ಯಾರಿಸಿನ ಲವಾಸಿಯೆ ಮತ್ತು ಲಪ್ಲಾಸ್, ಸುತ್ತ ಮಂಜುಗಡ್ಡೆ ತುಂಬಿದ ಪಾತ್ರೆಯಲ್ಲಿ ಒಂದು ಗಿನಿಪಿಗ್ಗನ್ನು ಕೂರಿಸಿ, ಕರಗಿ ಇಳಿದ ನೀರನ್ನು ತೂಗಿದರು. ಕೋಣೆಯ ಬಿಸಿ ಒಳಗೆ ಬಾರದಿರಲೆಂದು ಹೊರಗೆ ಮಂಜುಗಡ್ಡೆಯದೇ ಇನ್ನೊಂದು ಸುತ್ತು. 10 ಗಂಟೆಗಳಲ್ಲಿ ಕರಗಿದ್ದು ಸುಮಾರು 13 ಔನ್ಸ್. ಇದ್ದಿಲು ಉರಿದಾಗಿನ ಲೆಕ್ಕದೊಡನೆ ತಾಳೆ ನೋಡಿದ ಅವರು ಉಸಿರಾಟವೂ ನಿಧಾನವಾದ ದಹನವೇ ಎಂದು ತೀರ್ಮಾನಿಸಿದರು.

1866ರಲ್ಲಿ ಇಂಗ್ಲೆಂಡಿನ ಎಡ್ವರ್ಡ್ ಫ್ರಾಂಕ್‌ಲ್ಯಾಂಡ್ ಚೀಸ್, ಆಲೂಗಡ್ಡೆ, ಬೆಣ್ಣೆಗಳನ್ನು ಪೊಟ್ಯಾಸಿಯಂ ಕ್ಲೋರೇಟಿನೊಡನೆ ಬೆರೆಸಿ ಸುಟ್ಟ. ಫ್ರಾನ್ಸಿನ ಬೆರ್ತೆಲೊ 1880ರ ದಶಕದಲ್ಲಿ ‘ಬಾಂಬ್’ ಕ್ಯಾಲರಿಮೀಟರನ್ನು ರೂಪಿಸಿದ. ಹೆಸರಿಗೆ ಬಾಂಬು, ಸಿಡಿಯುವುದಿಲ್ಲ. ದಪ್ಪ ಉಕ್ಕಿನ ಪಾತ್ರೆಯೊಳಗೆ, ಒಣಗಿಸಿ ಪುಡಿಮಾಡಿ ಬಿಲ್ಲೆಯಾಗಿ ಒತ್ತಿದ ಗ್ರಾಂನಷ್ಟು ಆಹಾರ, ಅದಕ್ಕೆ ತಾಗುವ ಕೂದಲೆಳೆಯಂಥ ತಂತಿ, ಒತ್ತಡದಲ್ಲಿ ತುಂಬಿದ ಆಮ್ಲಜನಕ, ಸುತ್ತಲೂ ನೀರು. ತಂತಿಗೆ ವಿದ್ಯುತ್ ಹರಿಸಿದೊಡನೆ ಬಿಲ್ಲೆ ಉರಿದುಹೋಗುತ್ತದೆ. ಒಂದು ಗ್ರಾಂ ಸಕ್ಕರೆಗೆ 2 ಲೀಟರ್ ನೀರು ಬಿಸಿಯೇರುವುದು 2 ಡಿಗ್ರಿಗೂ ಕಡಿಮೆ. ಕೆಲಸವೆಲ್ಲ ನಿಂತಿರುವುದು ಥರ್ಮಾಮೀಟರಿನ ಸೂಕ್ಷ್ಮತೆಯ ಮೇಲೆ.

ಆದರೆ ಹೊಟ್ಟೆ ಒಲೆಯಲ್ಲ. ಮರದ ಹೊಟ್ಟೂ ಬಾಂಬಿನಲ್ಲಿ ಚೆನ್ನಾಗಿ ಉರಿಯುತ್ತದೆ, ನಮಗೆ ಅದು ಅರಗದು. ಬಾಂಬಿನಲ್ಲಿ ಸುಮಾರು 5.65 ಕಿಲೋಕ್ಯಾಲರಿ ಕೊಡುವ ಒಂದು ಗ್ರಾಂ ಪ್ರೋಟೀನ್ ದೇಹದಲ್ಲಿ ಪೂರ್ತಿ ಉರಿಯುವುದಿಲ್ಲ. ಒಂದು ಪಾಲು ಯೂರಿಯಾ ಆಗಿ ಮೂತ್ರದಲ್ಲಿ ಹೋಗುತ್ತದೆ. ಜರ್ಮನಿಯ ಮ್ಯಾಕ್ಸ್ ರುಬ್ನರ್ ಈ ನಷ್ಟವನ್ನು ಲೆಕ್ಕಕ್ಕೆ ತಂದ. ಅಮೆರಿಕದ ಮಿಡ್ಲ್‌ಟೌನಿನಲ್ಲಿ ವಿಲ್ಬರ್ ಆಟ್ವಾಟರ್, ಭೌತವಿಜ್ಞಾನಿ ರೋಸಾನ ಜೊತೆಗೂಡಿ, 1890ರ ದಶಕದಲ್ಲಿ ಮನುಷ್ಯನನ್ನೇ ಕೂರಿಸುವ ಕ್ಯಾಲರಿಮೀಟರ್ ಕಟ್ಟಿದ. ಮಂಚ, ಕುರ್ಚಿ, ಮೇಜು ಹಿಡಿಸುವ ಪುಟ್ಟ ಕೋಣೆ. ಕೊಳವೆಗಳಲ್ಲಿ ಹರಿಯುವ ತಣ್ಣೀರು ಒಳಗಿದ್ದವನ ಶಾಖವನ್ನು ಹೊತ್ತು ತರುತ್ತಿತ್ತು. ಊಟ ಕಿಂಡಿಯಿಂದ ಒಳಹೋಗುತ್ತಿತ್ತು. ಮಲಮೂತ್ರಗಳೂ ಹೊರಬಂದು ಪರೀಕ್ಷೆಗೆ ಒಳಗಾಗುತ್ತಿದ್ದವು. ದಿನಗಟ್ಟಲೆ ಹೀಗೆ ಇರಲು ಒಪ್ಪಿದವರ ಸಹನೆ ದೊಡ್ಡದು.

ಆಟ್ವಾಟರ್ ಕೊಟ್ಟ ಗುಣಕಗಳು ಗ್ರಾಂಗೆ ಪ್ರೋಟೀನ್ 4, ಕೊಬ್ಬು 9, ಕಾರ್ಬೋಹೈಡ್ರೇಟ್ 4 ಕಿಲೋಕ್ಯಾಲರಿ. ಬಿಸ್ಕತ್ತಿನ ಪೊಟ್ಟಣದ ಮೇಲಿನ ಅಂಕಿ ಸಾಮಾನ್ಯವಾಗಿ ಈ ಗುಣಾಕಾರದ ಫಲ. ಆ ಬಿಸ್ಕತ್ತನ್ನು ಯಾರೂ ಸುಟ್ಟಿರಬೇಕೆಂದಿಲ್ಲ. ಇಂಥ ಲೆಕ್ಕಕ್ಕೆ ಬೇಕಾದ, ಭಾರತದ ಆಹಾರಗಳ ಪೋಷಕಾಂಶಗಳ ಪಟ್ಟಿಯೊಂದನ್ನು ಕೂನೂರಿನ ಪ್ರಯೋಗಾಲಯದಿಂದ ಆಯ್ಕ್ರಾಯ್ಡ್ 1937ರಲ್ಲಿ ಹೊರತಂದ. ಆ ಪ್ರಯೋಗಾಲಯವೇ ಇಂದು ಹೈದರಾಬಾದಿನಲ್ಲಿರುವ ರಾಷ್ಟ್ರೀಯ ಪೋಷಣಾ ಸಂಸ್ಥೆ.

ಗುಣಕಗಳು ಸರಾಸರಿಗಳಷ್ಟೇ. ಲೆಕ್ಕದಲ್ಲಿ ಸುಮಾರು 170 ಕಿಲೋಕ್ಯಾಲರಿ ಬರುವ 28 ಗ್ರಾಂ ಬಾದಾಮಿ, 2012ರ ಅಮೆರಿಕದ ಅಧ್ಯಯನವೊಂದರಲ್ಲಿ ತಿಂದವರಿಗೆ ಕೊಟ್ಟದ್ದು 129. ಅಗಿದರೂ ಒಡೆಯದ ಜೀವಕೋಶಗಳಲ್ಲಿ ಸಿಕ್ಕಿಕೊಂಡ ಎಣ್ಣೆ ಅರಗದೆ ಹಾಗೆಯೇ ಹೊರಹೋಗಿತ್ತು.