ಚರ್ಚ್ ಯುವ ವಿನಿಮಯ: ಮಾವೋರಿಗಳಲ್ಲಿ ಮತ್ತು ದಕ್ಷಿಣ ಕನ್ನಡದಲ್ಲಿ

ಒಂದು ಚರ್ಚಿನ ತರುಣ ತರುಣಿಯರು ಬೇರೊಂದು ನಾಡಿನ ಸಭೆಯವರೊಡನೆ ಕೆಲವು ವಾರ ಅಥವಾ ತಿಂಗಳು ಇದ್ದು, ಅಲ್ಲಿನ ಆರಾಧನೆ, ದುಡಿಮೆ ಮತ್ತು ಸಮುದಾಯ ಜೀವನದಲ್ಲಿ ಪಾಲುಗೊಳ್ಳುವ ವ್ಯವಸ್ಥೆಗೆ ಯುವ ವಿನಿಮಯ ಎನ್ನುತ್ತಾರೆ. ಮೂಲನಿವಾಸಿ ಯುವಜನರು ಮತ್ತೊಂದು ಮೂಲನಿವಾಸಿ ಜನಾಂಗದ ಅತಿಥಿಗಳಾಗಿ ಹೋಗುವುದು ಇದರ ಈಚಿನ ರೂಪ. ನ್ಯೂಜಿಲೆಂಡಿನ ಮಾವೋರಿಗಳು ಇಂಥ ಆತಿಥ್ಯಕ್ಕೆ ಹೆಸರಾದವರು.

ಹಿನ್ನೆಲೆ: ಮೊದಮೊದಲು ಈ ಪ್ರಯಾಣಗಳ ದಿಕ್ಕು ಯುರೋಪಿನ ಕಡೆಗೇ ಇತ್ತು. ನ್ಯೂಜಿಲೆಂಡಿನಲ್ಲಿ ಮಿಷನರಿ ಸ್ಯಾಮ್ಯುಯೆಲ್ ಮಾರ್ಸ್‌ಡನ್ 1814ರ ಕ್ರಿಸ್‌ಮಸ್ ದಿನ ಮೊದಲ ಕ್ರೈಸ್ತ ಉಪದೇಶ ಮಾಡಿದ. ನಾಲ್ಕು ವರ್ಷಗಳಲ್ಲೇ ತುಐ ಮತ್ತು ತಿತೆರೆ ಎಂಬ ಮಾವೋರಿ ತರುಣರು ಇಂಗ್ಲೆಂಡಿಗೆ ಹೋದರು. ಮಂಗಳೂರಿನಲ್ಲಿ ಬಾಸೆಲ್ ಮಿಷನ್ 1834ರಲ್ಲಿ ಕೆಲಸ ಆರಂಭಿಸಿತು. ಸಾರಸ್ವತ ಬ್ರಾಹ್ಮಣ ಮನೆತನದ ಆನಂದರಾವ್ ಕೌಂಡಿನ್ಯ 1844ರಲ್ಲಿ ದೀಕ್ಷಾಸ್ನಾನ ಪಡೆದು, 1846ರಲ್ಲಿ ಮಿಷನರಿ ಹರ್ಮನ್ ಮೋಗ್ಲಿಂಗ್ ಜೊತೆ ಬಾಸೆಲ್‌ಗೆ ಹೊರಟರು. 1851ರಲ್ಲಿ ಪಾದ್ರಿಯಾಗಿ ನೇಮಕಗೊಂಡು ಊರಿಗೆ ಮರಳಿ, ಮಂಗಳೂರಿನ ಸೆಮಿನರಿಯಲ್ಲಿ ಪಾಠ ಹೇಳಿದರು. ಕಲಿಸುವವರು ಯುರೋಪಿನವರು, ಕಲಿಯುವವರು ಉಳಿದವರು ಎಂಬುದೇ ಆ ಕಾಲದ ಕಟ್ಟುಪಾಡು.

ಭಾಷೆಯ ಮಟ್ಟಿಗೆ ಎರಡೂ ನಾಡುಗಳ ಕಥೆ ಒಂದೇ ದಾರಿ ಹಿಡಿದಿದೆ. ಮಿಷನ್ ಮುದ್ರಕ ವಿಲಿಯಂ ಕೊಲೆನ್ಸೊ ನ್ಯೂಜಿಲೆಂಡಿನ ಪೈಹಿಯಾದಲ್ಲಿ ಮಾವೋರಿ ಹೊಸ ಒಡಂಬಡಿಕೆಯನ್ನು 1837ರಲ್ಲಿ ಅಚ್ಚು ಹಾಕಿದ. ತುಳು ಹೊಸ ಒಡಂಬಡಿಕೆ 1847ರಲ್ಲಿ ಮಂಗಳೂರಿನಲ್ಲಿ ಹೊರಬಂತು.

ದಿಕ್ಕಿನ ಬದಲಾವಣೆ: ಲಂಡನ್ ಮಿಷನರಿ ಸೊಸೈಟಿಯ ಪರಂಪರೆಯಿಂದ ಬೆಳೆದ ಕೌನ್ಸಿಲ್ ಫಾರ್ ವರ್ಲ್ಡ್ ಮಿಷನ್ 1977ರಲ್ಲಿ ಹೊಸ ರೂಪ ಪಡೆಯಿತು. ಹಣ ಕೊಡುವ ಚರ್ಚು, ಪಡೆಯುವ ಚರ್ಚು ಎಂಬ ಭೇದವನ್ನು ಬಿಟ್ಟು, ಸದಸ್ಯ ಚರ್ಚುಗಳು ಒಂದಕ್ಕೊಂದು ಸಮಾನ ಪಾಲುದಾರರು ಎಂಬ ನೆಲೆಗೆ ಅದು ಬಂತು. ದಕ್ಷಿಣ ಭಾರತ ಸಭೆಯೂ (ಸಿ.ಎಸ್.ಐ.) ನ್ಯೂಜಿಲೆಂಡಿನ ಪ್ರೆಸ್ಬಿಟೇರಿಯನ್ ಚರ್ಚೂ ಇದರ ಸದಸ್ಯರು. ಬೇರೆ ಬೇರೆ ದೇಶಗಳ ಯುವಜನರನ್ನು ಒಟ್ಟಿಗೆ ಇರಿಸಿ ತರಬೇತಿ ಕೊಡುವ ಕಾರ್ಯಕ್ರಮವನ್ನೂ ಅದು ನಡೆಸುತ್ತ ಬಂದಿದೆ. ಮಾವೋರಿ, ಹವಾಯಿ, ಉತ್ತರ ಅಮೆರಿಕ ಮತ್ತು ಆಸ್ಟ್ರೇಲಿಯದ ಮೂಲನಿವಾಸಿ ಆಂಗ್ಲಿಕನ್ನರು ತಮ್ಮದೇ ಜಾಲವೊಂದನ್ನು ಕಟ್ಟಿಕೊಂಡಿದ್ದಾರೆ.

ಮರಾಏಯಲ್ಲಿ ಸ್ವಾಗತ: ಅತಿಥಿಗಳು ಮೊದಲು ಮರಾಏ ಎಂಬ ಸಮುದಾಯ ಅಂಗಳದ ಹೊರಗೆ ಕಾಯಬೇಕು. ಒಳಗಿನಿಂದ ಹೆಂಗಸೊಬ್ಬಳು ಕರಂಗ ಎಂಬ ಕರೆ ಕೂಗುತ್ತಾಳೆ. ಅತಿಥಿಗಳ ಪರವಾಗಿಯೂ ಒಬ್ಬ ಹೆಂಗಸು ಓಗೊಡುತ್ತಾಳೆ. ಗುಂಪು ನಿಧಾನವಾಗಿ ಮುಂದೆ ನಡೆದು, ನಡುವೆ ನಿಂತು ಗತಿಸಿದವರನ್ನು ನೆನೆಯುತ್ತದೆ. ಆಮೇಲೆ ಎರಡೂ ಕಡೆಯವರ ಭಾಷಣಗಳು. ಪ್ರತಿ ಭಾಷಣದ ಬಳಿಕ ಒಂದು ಹಾಡು ಇರಲೇಬೇಕಾದ್ದರಿಂದ ಹೋಗುವವರು ತಮ್ಮ ಭಾಷೆಯ ಹಾಡನ್ನು ಕಲಿತಿರಬೇಕು. ಅನಂತರ ಕಾಣಿಕೆ ಇಟ್ಟು, ಮೂಗಿಗೆ ಮೂಗು, ಹಣೆಗೆ ಹಣೆ ತಾಗಿಸುವ ಹೊಂಗಿ ನಡೆಯುತ್ತದೆ. ಊಟ ಆದ ಮೇಲೆಯೇ ಸ್ವಾಗತ ಪೂರ್ಣ. ದಕ್ಷಿಣ ಕನ್ನಡದ ಬೆಟ್ಟಂಪಾಡಿ, ಸುಳ್ಯದ ಕಡೆ ಬಂದವರಿಗೆ ಬೆಲ್ಲ ನೀರು ಕೊಟ್ಟ ಮೇಲೆ ಮಾತಿಗೆ ಕೂರುವ ರೂಢಿಗೆ ಇದು ಹತ್ತಿರ. ರಾತ್ರಿ ಎಲ್ಲರೂ ಸಭಾಮನೆಯಲ್ಲೇ ಸಾಲಾಗಿ ಮಲಗುತ್ತಾರೆ. ಪಾದರಕ್ಷೆ ಹೊರಗೆ ಬಿಡಬೇಕು, ಒಳಗೆ ತಿನ್ನಬಾರದು, ತಲೆದಿಂಬಿನ ಮೇಲೆ ಕೂರಬಾರದು.

ಕಲಿಕೆಯ ವಿಷಯಗಳು: ಪ್ರಾರ್ಥನೆ, ಕೀರ್ತನೆಗಳ ಜೊತೆಗೆ ಬ್ರಿಟಿಷರಿಗೂ ಮಾವೋರಿ ನಾಯಕರಿಗೂ ನಡುವೆ ಆದ 1840ರ ವೈತಾಂಗಿ ಒಪ್ಪಂದ, 1860ರ ದಶಕದ ಮಾವೋರಿ ಭೂಮಿಯ ಮುಟ್ಟುಗೋಲು ಮತ್ತು 1982ರಲ್ಲಿ ತೊಡಗಿದ ಮಾವೋರಿ ಭಾಷೆಯ ಶಿಶುವಿಹಾರಗಳ ಚರಿತ್ರೆ ಚರ್ಚೆಗೆ ಬರುತ್ತವೆ. ಭೂಮಿ ಮತ್ತು ಭಾಷೆಯ ಪ್ರಶ್ನೆ ಕರಾವಳಿಯ ಕೊರಗ, ಮಲೆಕುಡಿಯ ಸಮುದಾಯಗಳಿಗೂ ಹೊಸದಲ್ಲ. ಕೊರಗರಿಗೆ ತಮ್ಮದೇ ನುಡಿ ಇದೆ. ಸರ್ಕಾರ ಅವರನ್ನು ವಿಶೇಷ ದುರ್ಬಲ ಬುಡಕಟ್ಟು ಎಂದು ಗುರುತಿಸಿದೆ.

ಮಹತ್ವ: ವಿನಿಮಯದ ಬೆಲೆ ತಿಳಿಯುವುದು ಮರಳಿ ಬಂದ ಯುವಜನರಿಗೆ ತಮ್ಮ ಚರ್ಚಿನ ಆಡಳಿತದಲ್ಲಿ ಸಿಗುವ ಸ್ಥಾನದಿಂದ. ಮಾವೋರಿಗಳ ಅನುಭವವೂ ಇದನ್ನೇ ಹೇಳುತ್ತದೆ. ಫ್ರೆಡರಿಕ್ ಬೆನೆಟ್ 1928ರಲ್ಲಿ ಮೊದಲ ಮಾವೋರಿ ಬಿಷಪ್ ಆದರೂ, ನ್ಯೂಜಿಲೆಂಡಿನ ಆಂಗ್ಲಿಕನ್ ಚರ್ಚಿನ ಸಂವಿಧಾನ ಮಾವೋರಿಗಳಿಗೆ ಸಮಾನ ಅಧಿಕಾರ ಕೊಟ್ಟದ್ದು 1992ರಲ್ಲಿ.