ಷರಾ ಕಾಲಮ್ಮಿನಲ್ಲಿ ಒಂದು ಊರಿನ ಇತಿಹಾಸ

ರಾಯಚೂರು ಜಿಲ್ಲೆಯ ಒಣಬೇಸಾಯದ ಹಳ್ಳಿಯೊಂದರ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ನಾನು ಮುಖ್ಯೋಪಾಧ್ಯಾಯನಾಗಿದ್ದೆ. ಏಳನೆಯ ತರಗತಿಯ ಫಲಿತಾಂಶ ಯಾಕೆ ಮೇಲೇಳುತ್ತಿಲ್ಲ ಎಂಬ ಪ್ರಶ್ನೆ ಪ್ರತಿ ಸಭೆಯಲ್ಲೂ ಬರುತ್ತಿತ್ತು. ಕಬ್ಬಿಣದ ಟ್ರಂಕಿನಲ್ಲಿ ಬೇವಿನೆಲೆ ಹಾಕಿ ಕಾಪಿಟ್ಟ ದಾಖಲಾತಿ ರಿಜಿಸ್ಟರುಗಳನ್ನು ಒಂದು ಬೇಸಿಗೆ ರಜೆಯಲ್ಲಿ ಕೂತು ಓದಿದಾಗ ಅದಕ್ಕೆ ಉತ್ತರ ಸಿಕ್ಕಿತು.

ತೀರಾ ಹಳೆಯ ಪುಟಗಳು ಉರ್ದುವಿನಲ್ಲಿವೆ. ನಿಜಾಮರ ಆಳ್ವಿಕೆಯಲ್ಲಿ ಸರ್ಕಾರಿ ವಿದ್ಯೆಯ ಭಾಷೆ ಅದೇ. ಕಲಬುರಗಿಯ ನೂತನ ವಿದ್ಯಾಲಯ, ಪಂಡಿತ ತಾರಾನಾಥರು ರಾಯಚೂರಿನಲ್ಲಿ ಕಟ್ಟಿದ ಹಮ್‌ದರ್ದ್ ಶಾಲೆಯಂಥ ಸಂಸ್ಥೆಗಳು ಪಟ್ಟಣಗಳಲ್ಲಿ ಬೆಳಕು ಕೊಟ್ಟವು. ಹಳ್ಳಿಯ ಮಗು ಮಾತ್ರ ಮನೆಯಲ್ಲಿ ಕೇಳದ ಭಾಷೆಯಲ್ಲಿ ಅಕ್ಷರ ತಿದ್ದಬೇಕಿತ್ತು. ಆ ಪುಟಗಳಲ್ಲಿರುವುದು ಗೌಡರ, ಕುಲಕರ್ಣಿಗಳ, ಅಂಗಡಿಕಾರರ ಗಂಡುಮಕ್ಕಳ ಹೆಸರುಗಳು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದು ಸಂಸ್ಥಾನ ಭಾರತದೊಳಗೆ ಬಂತು, 1956ರಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಸೇರಿತು. ಆಮೇಲಿನ ಪುಟಗಳು ಕನ್ನಡದವು.

1961ರ ಕಡ್ಡಾಯ ಪ್ರಾಥಮಿಕ ಶಿಕ್ಷಣ ಕಾಯ್ದೆಯ ನಂತರ ಪಾಲಕರ ವೃತ್ತಿಯ ಕಾಲಮ್ಮೇ ಬದಲಾಗುತ್ತಾ ಹೋಗುತ್ತದೆ. ‘ಒಕ್ಕಲುತನ’ದ ಜೊತೆಗೆ ‘ಕುರಿ ಕಾಯುವುದು’, ‘ಕೂಲಿ’ ಬರುತ್ತವೆ. ಕುರುಬರ, ನಾಯಕರ, ಮಾದಿಗರ ಓಣಿಗಳ ಮಕ್ಕಳನ್ನು ಮಾಸ್ತರರು ಮನೆಮನೆಗೆ ಹೋಗಿ ಕರೆತಂದರು. ಜನನ ದಾಖಲೆ ಯಾರ ಬಳಿಯೂ ಇರಲಿಲ್ಲ. ಬಲಗೈ ತಲೆಯ ಮೇಲಿಂದ ಹಾದು ಎಡಗಿವಿ ಮುಟ್ಟಿದರೆ ವಯಸ್ಸು ಆಯಿತೆಂದು ಲೆಕ್ಕ; ಜನ್ಮದಿನ ಜೂನ್ 1. ಇಂದಿಗೂ ಪಿಂಚಣಿ ಅರ್ಜಿಗಳಲ್ಲಿ ಊರಿನ ಎಷ್ಟೋ ಹಿರಿಯರು ಒಂದೇ ದಿನ ಹುಟ್ಟಿದವರು.

ಹೆಣ್ಣುಮಕ್ಕಳ ಹೆಸರು ತಡವಾಗಿ ಬಂತು, ಬೇಗ ಕಡಿದುಹೋಯಿತು. ಷರಾ ಕಾಲಮ್ಮಿನಲ್ಲಿ ಒಂದೇ ಸಾಲು: ‘ಸತತ ಗೈರುಹಾಜರಿ, ಹೆಸರು ಕಡಿಮೆ ಮಾಡಿದೆ.’ ಅದರ ಹಿಂದಿನ ಕಥೆಯನ್ನು ಒಬ್ಬ ತಾಯಿ ನನಗೇ ಹೇಳಿದ್ದಳು: “ಇಕಿ ಸಾಲಿಗೆ ಬಂದ್ರ ಸಣ್ಣ ಕೂಸಿನ್ನ ಯಾರು ಹಿಡೀಬೇಕ್ರಿ, ಮಾಸ್ತರ?” ಬೀಜದ ಹತ್ತಿ ಬಂದ ಮೇಲೆ ಕ್ರಾಸಿಂಗಿಗೂ ಇದೇ ಹುಡುಗಿಯರು ಬೇಕಾದರು. ಸಂಜೆ ಮೊಗ್ಗು ಬಿಡಿಸಿ ಕೇಸರ ತೆಗೆಯಬೇಕು, ಬೆಳಿಗ್ಗೆ ಬೇರೆ ಹೂವಿನ ಪರಾಗ ತಾಗಿಸಬೇಕು. ಶಾಲೆಯ ಗಂಟೆಗೂ ಹೂವಿನ ವೇಳೆಗೂ ಹೊಂದುವುದಿಲ್ಲ. 2011ರ ಜನಗಣತಿಯಲ್ಲಿ ರಾಜ್ಯದ ಮಹಿಳಾ ಸಾಕ್ಷರತೆ ಶೇ. 68 ಇದ್ದಾಗ ನಮ್ಮ ಜಿಲ್ಲೆಯದು ಶೇ. 49ರ ಆಸುಪಾಸಿನಲ್ಲೇ ನಿಂತಿತ್ತು.

ಫಲಿತಾಂಶ ಮೇಲೇಳದಿರುವುದಕ್ಕೆ ಇನ್ನೊಂದು ಕಾರಣ ಗುಳೆ. ಮಳೆ ಕೈಕೊಟ್ಟ ವರ್ಷ ದೀಪಾವಳಿ ಮುಗಿಯುತ್ತಲೇ ಮನೆಗಳಿಗೆ ಬೀಗ ಬೀಳುತ್ತಿತ್ತು. ಅಪ್ಪ ಅವ್ವ ಬೆಂಗಳೂರು, ಪುಣೆಗಳಲ್ಲಿ ಕಟ್ಟಡ ಕೆಲಸಕ್ಕೆ ಹೋದರೆ ಮಕ್ಕಳೂ ಹಿಂದೆ. ಉಗಾದಿಗೆ ತಿರುಗಿ ಬಂದವರು ಬಂದ ಬೆನ್ನಿಗೇ ಪರೀಕ್ಷೆಗೆ ಕೂರುತ್ತಿದ್ದರು. ಅಜ್ಜಿಯ ಬಳಿ ಊರಲ್ಲೇ ಉಳಿದ ಮಕ್ಕಳ ಅಂಕಗಳನ್ನು ಬೇರೆಯಾಗಿ ನೋಡಿದರೆ ಅವರು ಯಾವ ಪಟ್ಟಣದ ಮಕ್ಕಳಿಗೂ ಕಡಿಮೆಯಿರಲಿಲ್ಲ.

ರಿಜಿಸ್ಟರಿನ ಚಹರೆಯನ್ನು ಬದಲಿಸಿದ್ದು ಉಪದೇಶವಲ್ಲ, ಅನ್ನ. 2002ರ ಜೂನ್ 1ರಂದು ರಾಯಚೂರು ಸೇರಿ ಈಶಾನ್ಯದ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಶುರುವಾಯಿತು. ಮೊದಲು ಒಂದರಿಂದ ಐದನೆಯ ತರಗತಿಗೆ, ಆಮೇಲೆ ಮೇಲಿನ ತರಗತಿಗಳಿಗೂ ಬಿಸಿಯೂಟ ಬಂತು. ಮಧ್ಯಾಹ್ನದ ನಂತರದ ಹಾಜರಿ ತುಂಬಿತು. ಕಸ್ತೂರಬಾ ವಸತಿ ಶಾಲೆಗಳು ಬಂದ ಮೇಲೆ ಐದನೆಯದಕ್ಕೇ ನಿಲ್ಲಬೇಕಿದ್ದ ಕೆಲವು ಹುಡುಗಿಯರು ಮುಂದೆ ಓದಿದರು.

ಆದ್ದರಿಂದ ನನ್ನ ಬೇಡಿಕೆ ಸರಳ. ಫಲಿತಾಂಶದ ಪಟ್ಟಿಯಲ್ಲಿ ಅಂಕಗಳ ಪಕ್ಕಕ್ಕೆ ಪ್ರತಿ ಮಗುವಿನ ಹಾಜರಿ ದಿನಗಳನ್ನೂ ಬರೆಯಿರಿ, ಆ ಮನೆಯಲ್ಲಿ ಓದುವ ಮೊದಲನೆಯ ತಲೆಮಾರೇ ಎಂಬುದನ್ನೂ ಬರೆಯಿರಿ. ಗುಳೆ ಹೋಗುವ ತಿಂಗಳುಗಳಲ್ಲಿ ಮಕ್ಕಳನ್ನು ಊರಲ್ಲೇ ಉಳಿಸಿಕೊಳ್ಳುವ ವಸತಿ ಕೇಂದ್ರ ಪ್ರತಿ ಹೋಬಳಿಯಲ್ಲಿ ತೆರೆಯಿರಿ. ಶಾಲೆಗೆ ಬಂದ ಮಗು ಕಲಿಯುತ್ತದೆ. ಬರಲಾಗದ ಮಗುವನ್ನು ದಡ್ಡ ಎಂದು ಕರೆಯುವ ಹಕ್ಕು ನಮಗೆ ಯಾರಿಗೂ ಇಲ್ಲ.