ಕೆಂಪು ಅಂಕಣದ ಹುಡುಗ ಹುಲ್ಲಿಗೆ ಇಳಿದಾಗ

ಹುಲ್ಲು ಇರೋದು ಹಸುಗಳಿಗೆ ಮಾತ್ರ. ಸ್ಪೇನ್ ದೇಶದ ಟೆನಿಸ್ ಆಟಗಾರ ಮ್ಯಾನುಯೆಲ್ ಸಂತಾನಾ ಅವರ ಹೆಸರಿನಲ್ಲಿ ಉಳಿದುಬಂದಿರುವ ಮಾತು ಇದು. ದನ ಕಟ್ಟುವ ಮನೆಗಳಿಂದ ಬಂದ ನಮಗೆ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ. ಆದರೆ ಟೆನಿಸ್ ಲೋಕದಲ್ಲಿ ಇದು ದೊಡ್ಡ ಉದ್ಧಟತನ. ಯಾಕೆಂದರೆ ಆ ಆಟ ಹುಟ್ಟಿದ್ದೇ ಇಂಗ್ಲೆಂಡಿನ ಹುಲ್ಲುಹಾಸಿನ ಮೇಲೆ. ಅದರ ಪೂರ್ತಿ ಹೆಸರೇ ಲಾನ್ ಟೆನಿಸ್.

ಮ್ಯಾಡ್ರಿಡ್‌ನ ಬಡ ಮನೆಯ ಹುಡುಗ ಸಂತಾನಾ, ಟೆನಿಸ್ ಕ್ಲಬ್ಬೊಂದರಲ್ಲಿ ಚೆಂಡು ಹೆಕ್ಕಿಕೊಡುವ ಕೆಲಸ ಮಾಡುತ್ತಾ ಆಟ ಕಲಿತವರು. ಕೆಂಪು ಅಂಕಣದಲ್ಲಿ ನಡೆಯುವ ಫ್ರೆಂಚ್ ಚಾಂಪಿಯನ್‌ಷಿಪ್ಪನ್ನು 1961 ಮತ್ತು 1964ರಲ್ಲಿ ಗೆದ್ದರು. ಆಮೇಲೆ ಹುಲ್ಲು ಹಸುಗಳಿಗೆ ಎಂದು ಸುಮ್ಮನೆ ಕೂರಲಿಲ್ಲ. 1965ರಲ್ಲಿ ಆಗ ಹುಲ್ಲಿನ ಮೇಲೇ ನಡೆಯುತ್ತಿದ್ದ ಅಮೆರಿಕದ ಚಾಂಪಿಯನ್‌ಷಿಪ್ ಗೆದ್ದರು. 1966ರಲ್ಲಿ ಫೈನಲ್‌ನಲ್ಲಿ ಅಮೆರಿಕದ ಡೆನಿಸ್ ರಾಲ್‌ಸ್ಟನ್ ಅವರನ್ನು ಒಂದೂ ಸೆಟ್ ಬಿಡದೆ ಸೋಲಿಸಿ ವಿಂಬಲ್ಡನ್ ಗೆದ್ದರು. ಅದೇ ಕಾಲದಲ್ಲಿ, 1965 ಮತ್ತು 1967ರಲ್ಲಿ, ಸ್ಪೇನ್ ತಂಡ ಡೇವಿಸ್ ಕಪ್ ಫೈನಲ್ ಆಡಲು ಆಸ್ಟ್ರೇಲಿಯಾಕ್ಕೆ ಹೋಗಿ, ಹುಲ್ಲಿನ ಮೇಲೆ ಎರಡು ಸಲವೂ 4-1ರಿಂದ ಸೋತು ಬಂತು. ಎರಡು ಸಲವೂ ಸಿಕ್ಕ ಆ ಒಂದು ಗೆಲುವು ಸಂತಾನಾ ಅವರದೇ.

ಅವರ ನಂತರ ಇನ್ನೊಬ್ಬ ಸ್ಪೇನಿನ ಗಂಡಸು ವಿಂಬಲ್ಡನ್ ಗೆಲ್ಲಲು 42 ವರ್ಷ ಬೇಕಾಯಿತು. ನಾವು ಹೇಳಹೊರಟಿರುವುದು ಆ ಎರಡನೆಯವರ ಕಥೆ: ರಾಫೆಲ್ ನಡಾಲ್.

ಅದಕ್ಕೆ ಮೊದಲು ಈ ಅಂಕಣದ ವಿಷಯ ಸ್ವಲ್ಪ ತಿಳಿಯಬೇಕು. ಇಂಗ್ಲಿಷಿನಲ್ಲಿ ಕ್ಲೇ ಕೋರ್ಟ್ ಅನ್ನುತ್ತಾರೆ, ಅಂದರೆ ಜೇಡಿಮಣ್ಣಿನ ಅಂಕಣ. ನಿಜ ನೋಡಿದರೆ ಪ್ಯಾರಿಸ್‌ನ ಆ ಅಂಕಣದಲ್ಲಿ ಜೇಡಿಮಣ್ಣು ಇಲ್ಲ. ಮೇಲೆ ಕಾಣುವ ಕೆಂಪು, ಸುಟ್ಟ ಇಟ್ಟಿಗೆಯ ಪುಡಿ. ಅದೂ ಒಂದೆರಡು ಮಿಲಿಮೀಟರ್ ದಪ್ಪ ಅಷ್ಟೇ. ಅದರ ಕೆಳಗೆ ಸುಣ್ಣದ ಕಲ್ಲಿನ ಬಿಳಿ ಪುಡಿಯ ಪದರ, ಅದರ ಕೆಳಗೆ ಕಲ್ಲಿದ್ದಲು ಸುಟ್ಟುಳಿದ ಕಿಟ್ಟ, ಅದರ ಕೆಳಗೆ ಜಲ್ಲಿ, ತಳದಲ್ಲಿ ದಪ್ಪ ಕಲ್ಲು. ನೀರು ಹೊಡೆದು, ಚಾಪೆಯಂಥ ಬಲೆ ಎಳೆದು ದಿನವೂ ಸಮ ಮಾಡುತ್ತಿರಬೇಕು. ಕಣ ಮಾಡಿ ಸಗಣಿ ಸಾರಿಸಿ ಗೊತ್ತಿರುವವರಿಗೆ ಈ ಕೆಲಸದ ಹದ ತಾನಾಗೇ ಅರ್ಥವಾದೀತು.

ಇಟ್ಟಿಗೆ ಪುಡಿ ಎಲ್ಲಿಂದ ಬಂತು ಅನ್ನುವುದಕ್ಕೂ ಒಂದು ಕಥೆ ಇದೆ. 1880ರ ಸುಮಾರಿಗೆ ಇಂಗ್ಲೆಂಡಿನ ಚಾಂಪಿಯನ್ ವಿಲಿಯಂ ರೆನ್‌ಷಾ ಫ್ರಾನ್ಸಿನ ಕಡಲತೀರದ ಕಾನ್ ಊರಿನಲ್ಲಿ ಟೆನಿಸ್ ಕಲಿಸುತ್ತಿದ್ದರಂತೆ. ಅಲ್ಲಿನ ಬಿಸಿಲಿಗೆ ಹುಲ್ಲು ಒಣಗಿಹೋಗುತ್ತಿತ್ತು. ಪಕ್ಕದಲ್ಲೇ ವಲೋರಿಸ್ ಎಂಬ ಕುಂಬಾರರ ಊರು. ಅಲ್ಲಿ ಒಡೆದ, ಸರಿಯಾಗಿ ಬೇಯದ ಮಡಕೆಗಳನ್ನು ಪುಡಿ ಮಾಡಿಸಿ ತಂದು ಒಣ ಹುಲ್ಲಿನ ಮೇಲೆ ಹರಡಿಸಿದರಂತೆ. ಅಂತೂ ಬೋಕಿ ಚೂರಿನಿಂದ ಒಂದು ಆಟವೇ ಬೇರೆಯಾಯಿತು.

ಬೇರೆ ಅಂದರೆ ಹೇಗೆ? ಇಟ್ಟಿಗೆ ಪುಡಿಗೆ ತಾಗಿದ ಚೆಂಡಿಗೆ ಘರ್ಷಣೆ ಜಾಸ್ತಿ. ವೇಗ ಕಳೆದುಕೊಂಡು ಎತ್ತರಕ್ಕೆ ಪುಟಿಯುತ್ತದೆ. ಎದುರಾಳಿಗೆ ಓಡಿಬಂದು ಹೊಡೆಯಲು ಒಂದು ಗಳಿಗೆ ಹೆಚ್ಚು ಸಿಗುತ್ತದೆ. ಹಾಗಾಗಿ ಒಂದೇ ಏಟಿಗೆ ಪಾಯಿಂಟ್ ಮುಗಿಯುವುದಿಲ್ಲ. ಹತ್ತು, ಹದಿನೈದು, ಇಪ್ಪತ್ತು ಹೊಡೆತ ಬೇಕಾಗುತ್ತದೆ. ಕಾಲು ಜಾರಿಸಿಕೊಂಡು ಚೆಂಡಿನ ಬಳಿ ಹೋಗಿ ನಿಲ್ಲಬಹುದು. ಹುಲ್ಲಿನ ಮೇಲೆ ಇದೆಲ್ಲ ತಲೆಕೆಳಗು. ಚೆಂಡು ಜಾರಿ, ಮೊಣಕಾಲಿನ ಎತ್ತರಕ್ಕೂ ಏಳದೆ ಸರ್ರನೆ ಹೋಗಿಬಿಡುತ್ತದೆ. ಜೋರಾಗಿ ಸರ್ವ್ ಮಾಡಿ ಬಲೆಯ ಹತ್ತಿರ ನುಗ್ಗುವವನದೇ ರಾಜ್ಯ. ಅಲ್ಲಿ ಕಾಲು ಜಾರಿಸಿದರೆ ನೇರ ಆಸ್ಪತ್ರೆ. ಮಣ್ಣಿನಲ್ಲಿ ಕಬಡ್ಡಿ ಆಡಿ ಬೆಳೆದ ಹುಡುಗ ಮೊದಲ ಸಲ ಮ್ಯಾಟ್ ಮೇಲೆ ಇಳಿದಾಗ ತಬ್ಬಿಬ್ಬಾಗುವುದನ್ನು ನೀವು ನೋಡಿರುತ್ತೀರಿ. ಹೆಚ್ಚುಕಮ್ಮಿ ಅದೇ.

ಇನ್ನು ಮೂರನೆಯದು ಹಾರ್ಡ್ ಕೋರ್ಟ್. ಕಾಂಕ್ರೀಟ್ ಅಥವಾ ಡಾಂಬರಿನ ಮೇಲೆ ಅಕ್ರಿಲಿಕ್ ಬಣ್ಣದ ಪದರ. ಪುಟಿತ ಒಂದೇ ಸಮ, ಆದರೆ ಮಂಡಿಗೆ ಒಳ್ಳೆಯದಲ್ಲ.

ನಾಲ್ಕು ದೊಡ್ಡ ಟೂರ್ನಿಗಳಲ್ಲಿ 1974ರವರೆಗೂ ಮೂರು ಹುಲ್ಲಿನ ಮೇಲೇ ನಡೆಯುತ್ತಿದ್ದವು. ಪ್ಯಾರಿಸ್ ಮಾತ್ರ ಕೆಂಪು. ಆದ್ದರಿಂದ ಕೆಂಪಿನಲ್ಲಿ ಗೆಲ್ಲುವವರನ್ನು ‘ಕ್ಲೇ ಕೋರ್ಟ್ ಸ್ಪೆಷಲಿಸ್ಟ್’ ಎಂದು ಕರೆಯುವ ರೂಢಿ ಬೆಳೆಯಿತು. ಹೊಗಳಿಕೆಯ ಹಾಗೆ ಕೇಳುತ್ತದೆ, ಆದರೆ ಅದರೊಳಗೆ ಕೊಂಕು ಇದೆ. ಇವನು ಅಲ್ಲಿಗೆ ಮಾತ್ರ ಸರಿ ಅನ್ನುವ ಅರ್ಥ. ವಿಂಬಲ್ಡನ್ನನ್ನು ಏಳು ಸಲ ಗೆದ್ದ ಪೀಟ್ ಸಾಂಪ್ರಾಸ್ ಪ್ಯಾರಿಸ್‌ನಲ್ಲಿ ಒಮ್ಮೆಯೂ ಫೈನಲ್ ತಲುಪಲಿಲ್ಲ. ಆದರೂ ಅವರನ್ನು ಯಾರೂ ಹುಲ್ಲಿನವ ಎಂದು ಮೂಲೆಗೆ ತಳ್ಳಲಿಲ್ಲ. ಇದು ಸರಿಯಾದ ತಕ್ಕಡಿ ಅಂತ ನಮಗೆ ಅನ್ನಿಸುವುದಿಲ್ಲ.

ಕೊಂಕಿಗೆ ಕಾರಣವೇ ಇರಲಿಲ್ಲ ಅಂತಲೂ ಅಲ್ಲ. 1995ರಲ್ಲಿ ಪ್ಯಾರಿಸ್ ಗೆದ್ದು, ಮರುವರ್ಷ ವಿಶ್ವದ ನಂಬರ್ ಒನ್ ಆದ ಆಸ್ಟ್ರಿಯಾದ ಥಾಮಸ್ ಮುಸ್ಟರ್ ವಿಂಬಲ್ಡನ್‌ನಲ್ಲಿ ಬದುಕಿನಲ್ಲಿ ಒಂದೇ ಒಂದು ಪಂದ್ಯ ಗೆಲ್ಲಲಿಲ್ಲ. 2000ದಲ್ಲಿ ಶ್ರೇಯಾಂಕ ಕೊಡುವ ವಿಷಯಕ್ಕೆ ಜಗಳವಾಗಿ ಅಲೆಕ್ಸ್ ಕೊರೆಟ್ಜಾ, ಆಲ್ಬರ್ಟ್ ಕೋಸ್ಟಾ ಮೊದಲಾದ ಸ್ಪೇನಿನ ಆಟಗಾರರು ವಿಂಬಲ್ಡನ್ನಿಗೇ ಬರಲಿಲ್ಲ.

ನಡಾಲ್ ಹುಟ್ಟಿದ್ದು 1986ರ ಜೂನ್ 3ರಂದು, ಸ್ಪೇನಿಗೆ ಸೇರಿದ ಮಯೋರ್ಕಾ ದ್ವೀಪದ ಮನಾಕೋರ್‌ನಲ್ಲಿ. ಚಿಕ್ಕಪ್ಪ ಟೋನಿ ಅವರೇ ಗುರು. ಬರೆಯುವುದು ಬಲಗೈಯಲ್ಲಿ, ಆಡುವುದು ಎಡಗೈಯಲ್ಲಿ. 2005ರಲ್ಲಿ, 19 ತುಂಬಿದ ವಾರದಲ್ಲೇ ಮೊದಲ ಸಲ ಆಡಿದ ಫ್ರೆಂಚ್ ಓಪನ್ ಗೆದ್ದರು. 2005ರ ಏಪ್ರಿಲ್‌ನಿಂದ 2007ರ ಮೇವರೆಗೆ ಕೆಂಪು ಅಂಕಣದಲ್ಲಿ ಸತತ 81 ಪಂದ್ಯ ಗೆದ್ದರು. ಆಯುಧ ಒಂದೇ: ಚೆಂಡಿಗೆ ಕೆಳಗಿನಿಂದ ಮೇಲಕ್ಕೆ ಉಜ್ಜಿ ಕೊಡುವ ಸುತ್ತು. ಅವರ ಫೋರ್‌ಹ್ಯಾಂಡ್‌ನಿಂದ ಹೊರಟ ಚೆಂಡು ಸರಾಸರಿ ನಿಮಿಷಕ್ಕೆ 3,200 ಸುತ್ತು ತಿರುಗುತ್ತದೆ ಎಂದು ವೇಗದ ಕ್ಯಾಮೆರಾ ಇಟ್ಟು ಲೆಕ್ಕ ಹಾಕಿದ್ದಾರೆ. ಕೆಂಪು ನೆಲಕ್ಕೆ ಬಡಿದರೆ ಅದು ಎದುರಾಳಿಯ ಭುಜದ ಮೇಲಕ್ಕೆ ಏಳುತ್ತಿತ್ತು. ಹುಲ್ಲಿನಲ್ಲಿ ಆ ಸುತ್ತಿನ ಅರ್ಧ ಶಕ್ತಿ ಸೋರಿಹೋಗುತ್ತದೆ, ಈ ಹುಡುಗ ಪ್ಯಾರಿಸ್‌ಗಷ್ಟೇ ಎಂದು ಬರೆದವರು ಬಹಳ.

ಆಗ ಹುಲ್ಲಿನ ದೊರೆ ಸ್ವಿಟ್ಜರ್ಲೆಂಡಿನ ರೋಜರ್ ಫೆಡರರ್. ಇವರಿಬ್ಬರನ್ನು ಇಟ್ಟುಕೊಂಡು 2007ರ ಮೇ 2ರಂದು ಮಯೋರ್ಕಾದ ಪಾಲ್ಮಾದಲ್ಲಿ ಒಂದು ವಿಚಿತ್ರ ಪಂದ್ಯ ನಡೆಯಿತು. ಬಲೆಯ ಒಂದು ಕಡೆ ಹುಲ್ಲು, ಇನ್ನೊಂದು ಕಡೆ ಇಟ್ಟಿಗೆ ಪುಡಿ! ಆ ದಿನ ಫೆಡರರ್ ಹುಲ್ಲಿನಲ್ಲಿ ಸತತ 48 ಪಂದ್ಯ ಗೆದ್ದಿದ್ದರು, ನಡಾಲ್ ಕೆಂಪಿನಲ್ಲಿ ಸತತ 72. ಅಂಕಣ ಸಿದ್ಧ ಮಾಡಲು 19 ದಿನ, ಹದಿನಾರು ಲಕ್ಷ ಡಾಲರ್ ಖರ್ಚಾಯಿತು. ಕೊನೆಗಳಿಗೆಯಲ್ಲಿ ಹುಲ್ಲಿಗೆ ಹುಳ ಬಿದ್ದು, ಹೊಸ ಹುಲ್ಲು ತರಿಸಿ ಹಾಸಬೇಕಾಯಿತು. ಕಡೆ ಬದಲಿಸುವಾಗ ಶೂ ಬದಲಿಸಿಕೊಳ್ಳಲು ಹೆಚ್ಚು ಸಮಯ ಕೊಟ್ಟರು. ನಡಾಲ್ 7-5, 4-6, 7-6ರಿಂದ ಗೆದ್ದರು. ತಮಾಷೆಯ ಪಂದ್ಯ, ದಾಖಲೆಗೆ ಸೇರುವುದಿಲ್ಲ. ಆದರೂ ಆ ಅರ್ಧ ಹುಲ್ಲಿನಲ್ಲೂ ಈತ ಎದ್ದು ನಿಂತನಲ್ಲ ಎಂದು ನೋಡುವವರು ನೋಡಿದರು.

ವಿಂಬಲ್ಡನ್‌ನಲ್ಲಿ ಆಟ ತಮಾಷೆಯದಾಗಿರಲಿಲ್ಲ. 2006ರ ಫೈನಲ್‌ನಲ್ಲಿ ಫೆಡರರ್ ಮೊದಲ ಸೆಟ್ಟನ್ನೇ 6-0ರಿಂದ ಕಿತ್ತುಕೊಂಡು ಪಂದ್ಯ ಗೆದ್ದರು. 2007ರಲ್ಲಿ ಐದನೇ ಸೆಟ್‌ವರೆಗೆ ಎಳೆದು ನಡಾಲ್ ಮತ್ತೆ ಸೋತರು. ಆ ಸೆಟ್‌ನ ಆರಂಭದಲ್ಲಿ ಎದುರಾಳಿಯ ಸರ್ವ್ ಮುರಿಯುವ ನಾಲ್ಕು ಅವಕಾಶ ಸಿಕ್ಕಿ ಕೈತಪ್ಪಿದ್ದವು. ಅಂದು ಬಟ್ಟೆ ಬದಲಿಸುವ ಕೋಣೆಯಲ್ಲಿ ಕೂತು ಅತ್ತಿದ್ದನ್ನು ನಡಾಲ್ ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ.

ಇಲ್ಲೊಂದು ತಕರಾರಿದೆ. ವಿಂಬಲ್ಡನ್‌ನವರು 2001ರಲ್ಲಿ ಹುಲ್ಲನ್ನೇ ಬದಲಿಸಿದ್ದರು. ಮೊದಲು ಅಲ್ಲಿ ಮುಕ್ಕಾಲು ಪಾಲಿಗೆ ಹತ್ತಿರ ರೈ ಹುಲ್ಲು, ಉಳಿದದ್ದು ಫೆಸ್ಕ್ಯೂ ಎಂಬ ಇನ್ನೊಂದು ಜಾತಿ. 2001ರಿಂದ ಪೂರ್ತಿ ರೈ ಹುಲ್ಲೇ. ತುಳಿತಕ್ಕೆ ಬಾಳಲಿ ಎಂದು ಮಾಡಿದ್ದು. ಆದರೆ ನೆಲ ಗಟ್ಟಿಯಾಗಿ ಚೆಂಡು ಮೊದಲಿಗಿಂತ ಎತ್ತರಕ್ಕೆ ಏಳತೊಡಗಿತು. ಹಳೇ ಹುಲ್ಲಾಗಿದ್ದರೆ ನಡಾಲ್ ಗೆಲ್ಲುತ್ತಿರಲಿಲ್ಲ ಅನ್ನುವವರು ಇಂದಿಗೂ ಇದ್ದಾರೆ. ಇದ್ದರೂ ಇರಬಹುದು. ಆದರೆ ಬದಲಾದ ಹುಲ್ಲು ಎಲ್ಲರಿಗೂ ಒಂದೇ. ಪ್ಯಾರಿಸ್‌ನಲ್ಲಿ ಚೆನ್ನಾಗಿ ಆಡುತ್ತಿದ್ದ ಉಳಿದವರೂ ಅದೇ ಹುಲ್ಲಿನ ಮೇಲೆ ಆಡಿದರು. ನಡಾಲ್ ಮಾತ್ರ ಆಟವನ್ನೇ ತಿದ್ದಿಕೊಂಡರು. ಬೇಸ್‌ಲೈನ್‌ನಿಂದ ಮಾರುದೂರ ಹಿಂದೆ ನಿಲ್ಲುತ್ತಿದ್ದವರು ಮುಂದೆ ಬಂದರು. ಕಾಲು ಜಾರಿಸುವ ಬದಲು ಸಣ್ಣ ಸಣ್ಣ ಹೆಜ್ಜೆ ಹಾಕಿದರು. ಬ್ಯಾಕ್‌ಹ್ಯಾಂಡಿನಲ್ಲಿ ಚೆಂಡನ್ನು ಕೊಯ್ದು ತಗ್ಗಿಸುವುದನ್ನು ಕಲಿತರು. 2008ರ ಜೂನ್‌ನಲ್ಲಿ ಲಂಡನ್ನಿನ ಕ್ವೀನ್ಸ್ ಕ್ಲಬ್ ಟೂರ್ನಿಯಲ್ಲಿ ಜೊಕೊವಿಚ್ ಅವರನ್ನು ಸೋಲಿಸಿ ಹುಲ್ಲಿನ ಮೇಲಿನ ಮೊದಲ ಪ್ರಶಸ್ತಿ ಪಡೆದರು.

2008ರ ಜುಲೈ 6, ಭಾನುವಾರ. ಮತ್ತೆ ಅದೇ ಇಬ್ಬರು. ಫೆಡರರ್ ವಿಂಬಲ್ಡನ್ನನ್ನು ಸತತ ಐದು ಸಲ ಗೆದ್ದವರು, ಹುಲ್ಲಿನಲ್ಲಿ ಸತತ 65 ಪಂದ್ಯ ಗೆದ್ದು ಬಂದವರು. ಮಳೆಯಿಂದ ಆಟ ತಡವಾಗಿ ಶುರುವಾಯಿತು. ನಡಾಲ್ ಮೊದಲೆರಡು ಸೆಟ್ 6-4, 6-4. ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ ಮಳೆ, ಮೂರನೇ ಸೆಟ್ ಟೈಬ್ರೇಕರ್‌ನಲ್ಲಿ ಫೆಡರರ್‌ಗೆ. ನಾಲ್ಕನೇ ಸೆಟ್‌ನ ಟೈಬ್ರೇಕರ್‌ನಲ್ಲಿ ನಡಾಲ್ 5-2 ಮುಂದಿದ್ದರು. ಇನ್ನು ಎರಡೇ ಪಾಯಿಂಟ್. ಅಲ್ಲಿ ಡಬಲ್ ಫಾಲ್ಟ್ ಮಾಡಿದರು. ಆಮೇಲೆ ಎರಡು ಸಲ ಗೆಲುವಿನ ಪಾಯಿಂಟ್ ಸಿಕ್ಕಿತು, ಎರಡನ್ನೂ ಫೆಡರರ್ ಉಳಿಸಿಕೊಂಡರು. ಎರಡನೆಯದನ್ನು ಉಳಿಸಿದ್ದು ಗೆರೆಗುಂಟ ಹೋದ ಒಂದು ಬ್ಯಾಕ್‌ಹ್ಯಾಂಡ್. ಮೊಬೈಲ್‌ನಲ್ಲಿ ಸಿಗುತ್ತದೆ, ಡೇಟಾ ಉಳಿದಿದ್ದರೆ ಹುಡುಕಿ ನೋಡಿ. ಎರಡು ಸೆಟ್ ಮುಂದಿದ್ದವನು ಈಗ ಎರಡು-ಎರಡು. ಹಿಂದಿನ ವರ್ಷದ ಐದನೇ ಸೆಟ್ ನೆನಪಾಗದೆ ಇದ್ದೀತೇ?

ಐದನೇ ಸೆಟ್‌ನಲ್ಲಿ ಮತ್ತೆ ಮಳೆ. ಆಗ ಸೆಂಟರ್ ಕೋರ್ಟಿಗೆ ಚಾವಣಿ ಇರಲಿಲ್ಲ, ಅದು ಬಂದದ್ದು ಮರುವರ್ಷ. ಅಂಕಣಕ್ಕೆ ದೀಪವೂ ಇರಲಿಲ್ಲ. ಬೆಳಕು ಮಬ್ಬಾಗುತ್ತಾ ಚೆಂಡು ಕಾಣುವುದೇ ಕಷ್ಟವಾಯಿತು. ರಾತ್ರಿ ಒಂಬತ್ತು ಕಾಲರ ಸುಮಾರಿಗೆ ಫೆಡರರ್ ಹೊಡೆತ ಬಲೆಗೆ ಬಿತ್ತು, 9-7. ಒಟ್ಟು ಆಟ 4 ಗಂಟೆ 48 ನಿಮಿಷ. ಅಲ್ಲಿಯವರೆಗೆ ವಿಂಬಲ್ಡನ್ ಅಷ್ಟು ಉದ್ದದ ಫೈನಲ್ ಕಂಡಿರಲಿಲ್ಲ. ಪ್ಯಾರಿಸ್ ಮತ್ತು ವಿಂಬಲ್ಡನ್ ಎರಡನ್ನೂ ಒಂದೇ ವರ್ಷ ಗೆದ್ದ ಗಂಡಸು 1980ರ ಬ್ಯೋರ್ನ್ ಬೋರ್ಗ್ ನಂತರ ಇವರೇ. ಮನೆಯವರನ್ನು ತಬ್ಬಿಕೊಂಡ ಮೇಲೆ ನಡಾಲ್ ವೀಕ್ಷಕ ವಿವರಣೆಯ ಕೋಣೆಯ ಸೂರಿನ ಮೇಲೆ ನಡೆದುಹೋಗಿ ತಮ್ಮ ದೇಶದ ಯುವರಾಜರ ಕೈ ಕುಲುಕಿದರು.

ಹಾರ್ಡ್ ಕೋರ್ಟ್ ಬಾಕಿ ಇತ್ತು. ಆ ಆಗಸ್ಟ್‌ನಲ್ಲಿ ಬೀಜಿಂಗ್ ಒಲಿಂಪಿಕ್ಸ್ ಚಿನ್ನ ಬಂತು, ಮರುದಿನವೇ ನಂಬರ್ ಒನ್ ಪಟ್ಟ. 2009ರಲ್ಲಿ ಆಸ್ಟ್ರೇಲಿಯನ್ ಓಪನ್. ಅಲ್ಲಿ ಸೆಮಿಫೈನಲ್‌ನಲ್ಲಿ ತಮ್ಮ ದೇಶದವರೇ ಆದ ಫರ್ನಾಂಡೊ ವರ್ಡಾಸ್ಕೊ ಜೊತೆ 5 ಗಂಟೆ 14 ನಿಮಿಷ ಆಡಿ, ಒಂದೇ ದಿನದ ಬಿಡುವಿನಲ್ಲಿ ಫೈನಲ್‌ಗೆ ಇಳಿದು ಮತ್ತೆ ಐದು ಸೆಟ್‌ಗಳಲ್ಲಿ ಫೆಡರರ್ ಅವರನ್ನು ಸೋಲಿಸಿದರು. ದಣಿವಿನ ಲೆಕ್ಕ ನೋಡಿದರೆ ನಮಗೆ ವಿಂಬಲ್ಡನ್‌ಗಿಂತ ಇದೇ ದೊಡ್ಡದಾಗಿ ಕಾಣುತ್ತದೆ.

ದೇಹ ಸಾಲ ವಸೂಲಿಗೆ ಬಂತು. ಅದೇ ವರ್ಷ ಪ್ಯಾರಿಸ್‌ನಲ್ಲಿ ರಾಬಿನ್ ಸೋಡರ್‌ಲಿಂಗ್ ಎದುರು ಮೊದಲ ಸಲ ಸೋತರು. ಮಂಡಿ ನೋವಿನಿಂದ ವಿಂಬಲ್ಡನ್ ಆಡಲೇ ಇಲ್ಲ. ಯುಎಸ್ ಓಪನ್ ಸೆಮಿಫೈನಲ್‌ನಲ್ಲಿ ಡೆಲ್ ಪೊಟ್ರೊ ಎದುರು 6-2, 6-2, 6-2. ನ್ಯೂಯಾರ್ಕಿನ ವೇಗದ ಅಂಕಣ ಇವರಿಗೆ ಒಗ್ಗದು ಎಂಬ ಮಾತು ಮತ್ತೆ ಎದ್ದಿತು. 2010ರಲ್ಲಿ ಅವರು ಸರ್ವ್ ಮಾಡುವಾಗ ರಾಕೆಟ್ ಹಿಡಿಯುವ ರೀತಿಯನ್ನು ಕೊಂಚ ಬದಲಿಸಿಕೊಂಡು ಬಂದರು. ಚೆಂಡು ಗಂಟೆಗೆ 217 ಕಿಲೋಮೀಟರ್‌ವರೆಗೂ ಹೋಯಿತು. ಇಡೀ ಟೂರ್ನಿಯಲ್ಲಿ ಬಿಟ್ಟದ್ದು ಒಂದೇ ಸೆಟ್, ಅದೂ ಫೈನಲ್‌ನಲ್ಲಿ ಜೊಕೊವಿಚ್‌ಗೆ. ಮಳೆಯಿಂದ ಸೋಮವಾರಕ್ಕೆ ಹೋದ ಆ ಫೈನಲ್ ಸೆಪ್ಟೆಂಬರ್ 13ರಂದು ಮುಗಿದಾಗ, 24ರ ನಡಾಲ್ ನಾಲ್ಕೂ ದೊಡ್ಡ ಟೂರ್ನಿ ಗೆದ್ದ ಏಳನೇ ಗಂಡಸಾಗಿದ್ದರು. ಕೆಂಪು, ಹುಲ್ಲು, ಹಾರ್ಡ್ ಮೂರರಲ್ಲೂ ಒಂದೇ ವರ್ಷ ಗ್ರ್ಯಾಂಡ್‌ಸ್ಲಾಮ್ ಗೆದ್ದ ಮೊದಲ ಗಂಡಸೂ ಅವರೇ.

ಮುಂದಿನ ತಿಂಗಳೇ ನಡಾಲ್ ಬಂದದ್ದು ನಮ್ಮ ಬಳ್ಳಾರಿಗೆ ನೆರೆಯ ಅನಂತಪುರಕ್ಕೆ. ಬಾರ್ಸಿಲೋನಾದಿಂದ ಬಂದು ಅಲ್ಲೇ ನೆಲೆಸಿದ್ದ ವಿನ್ಸೆಂಟ್ ಫೆರರ್ ಅವರ ಸಂಸ್ಥೆಯ ಜೊತೆ ಸೇರಿ ನಡಾಲ್ ಪ್ರತಿಷ್ಠಾನ ಅಲ್ಲಿ ಹಳ್ಳಿ ಮಕ್ಕಳಿಗೆ ಟೆನಿಸ್ ಶಾಲೆ ತೆರೆದಿತ್ತು. ಆಟದ ಜೊತೆಗೆ ಇಂಗ್ಲಿಷ್, ಕಂಪ್ಯೂಟರ್ ಪಾಠವೂ ಉಂಟು.

ಎಲ್ಲ ಅಂಕಣವೂ ಅವರಿಗೆ ಒಲಿಯಿತು ಎಂದರೆ ಸುಳ್ಳಾದೀತು. ವರ್ಷದ ಕೊನೆಗೆ ಚಾವಣಿಯಡಿ ಹಾರ್ಡ್ ಕೋರ್ಟ್‌ನಲ್ಲಿ ನಡೆಯುವ ಎಟಿಪಿ ಫೈನಲ್ಸ್ ಅವರಿಗೆ ದಕ್ಕಲೇ ಇಲ್ಲ. 2010 ಮತ್ತು 2013ರಲ್ಲಿ ಫೈನಲ್‌ವರೆಗೆ ಹೋಗಿ ಸೋತರು. ಮಂಡಿ ಬಾಗದ ವರ್ಷಗಳಲ್ಲಿ ಹುಲ್ಲೂ ಕೈಕೊಟ್ಟಿತು. 2012ರ ವಿಂಬಲ್ಡನ್‌ನಲ್ಲಿ 100ನೇ ಸ್ಥಾನದ ಲೂಕಾಸ್ ರೊಸೊಲ್, 2013ರಲ್ಲಿ 135ನೇ ಸ್ಥಾನದ ಸ್ಟೀವ್ ಡಾರ್ಸಿ ಅವರನ್ನು ಮನೆಗೆ ಕಳಿಸಿದರು. 2024ರ ನವೆಂಬರ್‌ನಲ್ಲಿ ಮಲಗಾದ ಡೇವಿಸ್ ಕಪ್ ಪಂದ್ಯದೊಂದಿಗೆ ಆಟ ನಿಲ್ಲಿಸಿದಾಗ ಲೆಕ್ಕ ಹೀಗಿತ್ತು: ಗ್ರ್ಯಾಂಡ್‌ಸ್ಲಾಮ್ 22, ಅದರಲ್ಲಿ ಪ್ಯಾರಿಸ್ 14. ಉಳಿದ 8ರಲ್ಲಿ ವಿಂಬಲ್ಡನ್ 2, ಆಸ್ಟ್ರೇಲಿಯಾ 2, ನ್ಯೂಯಾರ್ಕ್ 4. ಪ್ಯಾರಿಸ್‌ನ ಹದಿನಾಲ್ಕನ್ನು ಅಳಿಸಿ ಹಾಕಿದರೂ ಆ ಎಂಟು, ಆಂಡ್ರೆ ಅಗಾಸ್ಸಿ ತಮ್ಮ ಇಡೀ ಆಯುಷ್ಯದ ಆಟದಲ್ಲಿ ಗೆದ್ದಷ್ಟೇ.